ಸಿಸ್ಟರ್‌ಗೆ, ಮತ್ತೆ ನಿಮ್ಮೆಲ್ಲರಿಗೂ

ನಮ್ಮ ಐದು ವರ್ಷದ ಮಗಳು ಪುಟ್ಟಿ ಹೋದ ಮೇಲೆ ನಾನು ಯಾರ ಮೆಸೇಜಿಗೂ ಉತ್ತರ ಕೊಟ್ಟಿಲ್ಲ. ಬಂದದ್ದನ್ನೆಲ್ಲ ಓದಿದ್ದೇನೆ, ಕೆಲವನ್ನು ಮತ್ತೆ ಮತ್ತೆ ಓದಿದ್ದೇನೆ. ಒಬ್ಬೊಬ್ಬರಿಗೂ ಬೇರೆ ಬೇರೆ ಬರೆಯುವ ಶಕ್ತಿ ಇನ್ನೂ ಬಂದಿಲ್ಲ. ಅದಕ್ಕೇ ಎಲ್ಲರಿಗೂ ಸೇರಿಸಿ ಇದೊಂದು. ಕಾಯಿಲೆಯ ಕಥೆ ಮತ್ತೆ ಹೇಳುವುದಿಲ್ಲ. ಸ್ಕ್ಯಾನು, ರಿಪೋರ್ಟು, ಇನ್ನೊಬ್ಬ ಡಾಕ್ಟರ್ ಹೇಳಿದ್ದು, ಎಲ್ಲ ನಿಮಗೆ ಗೊತ್ತಿರುವುದೇ. ಕೊನೆಯ ಕೆಲವು ವಾರ ಮನೆಯೊಳಗೆ ಹೇಗಿತ್ತು ಅನ್ನುವುದು ಮಾತ್ರ ಹೆಚ್ಚು ಜನಕ್ಕೆ ಗೊತ್ತಿಲ್ಲ. ನಾನು ಋಣಿಯಾಗಿರುವುದು ಹೆಚ್ಚಾಗಿ ಆ ವಾರಗಳಿಗೆ.

ಮೊದಲು ಒಂದೇ ಉಸಿರಿಗೆ ಹೇಳಿಬಿಡುತ್ತೇನೆ. ರಕ್ತ ಕೊಟ್ಟವರಿಗೆ, ದೊಡ್ಡವನನ್ನು ಶಾಲೆಗೆ ಬಿಟ್ಟು ಕರೆತಂದವರಿಗೆ, ಊಟದ ಡಬ್ಬಿ ಬಾಗಿಲ ಹತ್ತಿರ ಇಟ್ಟು ಬೆಲ್ ಒತ್ತದೆ ಹೋದವರಿಗೆ, ರಜೆಯ ಲೆಕ್ಕ ಕೇಳದ ನಮ್ಮವರ ಆಫೀಸಿನವರಿಗೆ, ನನ್ನ ಫೋನನ್ನು ತನ್ನ ಜೇಬಿಗೆ ಹಾಕಿಕೊಂಡು ಎಲ್ಲರಿಗೂ ತಾನೇ ಉತ್ತರ ಹೇಳಿದ ತಮ್ಮನಿಗೆ, ನಮಸ್ಕಾರ. ಒಂದು ಸಾಲಿನಲ್ಲಿ ಮುಗಿಸಿಬಿಟ್ಟಳು ಅಂತ ಬೇಜಾರು ಮಾಡಿಕೊಳ್ಳಬೇಡಿ. ಮಾಡಿಕೊಳ್ಳುವವರಲ್ಲ ನೀವು, ಗೊತ್ತು.

ಈಗ ಸಿಸ್ಟರ್ ವಿಷಯ.

ಹೆಸರು ಹಾಕಬೇಡಿ ಅಂತ ಹೇಳಿದ್ದಾರೆ. ಹಾಗಾಗಿ ಪುಟ್ಟಿ ಕರೆಯುತ್ತಿದ್ದಂತೆ ಸುಮ್ನೆ ಸಿಸ್ಟರ್. ಪ್ಯಾಲಿಯೇಟಿವ್ ಕೇರ್, ಅಂದರೆ ದೊಡ್ಡ ಕಾಯಿಲೆಯವರ ನೋವು ಸಂಕಟ ಇಳಿಸುವ ಆರೈಕೆ, ಆ ತಂಡದಿಂದ ಮನೆಗೆ ಬರುತ್ತಿದ್ದ ನರ್ಸ್. ಪ್ಯಾಲಿಯೇಟಿವ್ ಅನ್ನುವ ಹೆಸರು ಕೇಳಿದಾಗಲೇ ನನ್ನ ಕೈಕಾಲು ತಣ್ಣಗಾಗಿತ್ತು. ಇನ್ನು ಆಸೆ ಬಿಟ್ಟುಬಿಡಿ ಅನ್ನುವುದನ್ನೇ ಡಾಕ್ಟರು ಸುತ್ತಿ ಬಳಸಿ ಹೇಳುತ್ತಿದ್ದಾರೆ ಅಂದುಕೊಂಡಿದ್ದೆ. ಮೊದಲ ದಿನ ಬಾಗಿಲಲ್ಲೇ ನಿಂತು ಅವರನ್ನು ಕೇಳಿಯೂ ಬಿಟ್ಟೆ. "ನಿಮ್ಮ ಡಾಕ್ಟರ್ ಕೊಡ್ತಿರೋ ಔಷಧಿ ಕೊಡ್ತಾನೇ ಇರ್ಲಿ ಅಮ್ಮ. ನೋವು, ವಾಂತಿ, ನಿದ್ದೆ, ನಿಮ್ಮಿಬ್ಬರ ಜಗಳ, ಇಷ್ಟು ನನ್ನ ಡಿಪಾರ್ಟ್‌ಮೆಂಟು" ಅಂದರು. ಆಮೇಲೆ ಗೊತ್ತಾಯಿತು, ಮಕ್ಕಳ ವಿಷಯದಲ್ಲಿ ಈ ಆರೈಕೆ ಕಾಯಿಲೆ ಪತ್ತೆಯಾದ ದಿನದಿಂದಲೇ ಶುರುವಾಗಬೇಕು, ಗುಣಪಡಿಸುವ ಚಿಕಿತ್ಸೆ ನಡೆಯುತ್ತಿದ್ದರೂ ಸರಿ, ನಿಂತಿದ್ದರೂ ಸರಿ ಅಂತ ವಿಶ್ವ ಆರೋಗ್ಯ ಸಂಸ್ಥೆಯೇ ಹೇಳುತ್ತದೆ. ನಮಗೆ ಆ ದಿನ ಯಾರೂ ಹೇಳಲಿಲ್ಲ. ಹೇಳಿದ್ದರೆ ಸಿಸ್ಟರ್ ಇನ್ನೂ ಎಷ್ಟೋ ತಿಂಗಳು ಮುಂಚೆ ನಮ್ಮ ಮನೆಗೆ ಬಂದಿರುತ್ತಿದ್ದರು. ಅದೊಂದು ಸಿಟ್ಟು ನನ್ನಲ್ಲಿ ಇನ್ನೂ ಇದೆ, ಇರಲಿ.

ನಮ್ಮ ಪಾಲಿನ ಅತಿ ಕೆಟ್ಟ ರಾತ್ರಿ ಯಾವುದು ಅಂತ ಕೇಳಿದರೆ ಎಲ್ಲರೂ ಕೊನೆಯ ರಾತ್ರಿ ಅಂದುಕೊಳ್ಳುತ್ತಾರೆ. ಅದಲ್ಲ. ಅದಕ್ಕಿಂತ ಸುಮಾರು ಮುಂಚಿನದು. ಅಲ್ಲಿಯವರೆಗೆ ಹಿಡಿತದಲ್ಲಿದ್ದ ನೋವು ಅವತ್ತು ಔಷಧಿಗೆ ಬಗ್ಗಲಿಲ್ಲ. ಸಿಸ್ಟರ್ ಸಂಜೆ ನೋಡಲು ಬಂದವರು ಹೊರಟಿದ್ದರು. ಒಂದು ಕಾಲಿಗೆ ಚಪ್ಪಲಿ ಹಾಕಿ ಇನ್ನೊಂದಕ್ಕೆ ಹಾಕುತ್ತಿದ್ದಾಗ ಒಳಗಿನಿಂದ ಪುಟ್ಟಿ ಕಿರುಚಿದಳು. ಹಾಕಿದ ಚಪ್ಪಲಿಯನ್ನೂ ಬಿಟ್ಟು ಒಳಗೆ ಬಂದರು. ಅವತ್ತು ಅವರ ಡ್ಯೂಟಿ ಮುಗಿದು ಆಗಲೇ ಬಹಳ ಹೊತ್ತಾಗಿತ್ತು.

ನಾನು ಎತ್ತಿಕೊಂಡರೂ ಪುಟ್ಟಿ ಸುಮ್ಮನಾಗಲಿಲ್ಲ. ಮೊಣಕಾಲು ಎರಡನ್ನೂ ಎದೆಗೆ ಎಳೆದುಕೊಂಡಿದ್ದಳು, ಹಲ್ಲು ಕಚ್ಚಿದ್ದಳು. ಎಷ್ಟು ನೋಯುತ್ತಿದೆ ಅಂತ ಹೇಳುವ ಸ್ಥಿತಿಯಲ್ಲಿ ಇರಲಿಲ್ಲ. ಸಿಸ್ಟರ್ ಅವಳನ್ನು ಏನೂ ಕೇಳಲಿಲ್ಲ. ಮುಖ ನೋಡಿದರು, ಕಾಲು ನೋಡಿದರು, ನಾನು ಬೆನ್ನು ಸವರಿದಾಗ ಅಳು ಇಳಿಯುತ್ತದಾ ಅಂತ ನೋಡಿದರು. ಡಾಕ್ಟರಿಗೆ ಫೋನ್ ಮಾಡಿ, ಜೋರು ನೋವಿಗೆ ಕೊಡುವ ಮಾರ್ಫಿನ್‌ನ ಹೆಚ್ಚಿನ ಡೋಸಿಗೆ ಒಪ್ಪಿಗೆ ತೆಗೆದುಕೊಂಡರು. ದಿನವಿಡೀ ಹೊತ್ತು ಹೊತ್ತಿಗೆ ಕೊಡುವ ಡೋಸು ಒಂದು, ನಡುವೆ ನೋವು ನುಗ್ಗಿ ಬಂದರೆ ಕೊಡುವುದು ಇನ್ನೊಂದು. ಆ ಎರಡನೆಯದು.

ಸಿಸ್ಟರ್ ಸಿರಿಂಜಿನಲ್ಲಿ ಅಳೆಯುತ್ತಿದ್ದಾಗ ನಮ್ಮವರು ಅವರ ಕೈ ಹಿಡಿದುಬಿಟ್ಟರು. "ಇದು ಕೊಟ್ರೆ ಬೇಗ ಹೋಗಿಬಿಡ್ತಾಳಾ?"

"ಇಲ್ಲ ಸರ್. ತೂಕ ನೋಡಿ ಲೆಕ್ಕ ಹಾಕಿರೋ ಡೋಸು. ನೋವು ಇಳಿಯುತ್ತೆ, ಅಷ್ಟೇ. ಇದರಿಂದ ಸಾವು ಬೇಗ ಬರಲ್ಲ. ನೀವೇ ಅವಳ ತಲೆ ಹಿಡ್ಕೊಳ್ಳಿ, ನಾನು ಕೆನ್ನೆ ಒಳಗೆ ಬಿಡ್ತೀನಿ."

ಅವರು ತಲೆ ಹಿಡಿದುಕೊಂಡರು.

ಏನೂ ಆಗಲ್ಲ, ಧೈರ್ಯವಾಗಿರಿ ಅಂತ ಸಿಸ್ಟರ್ ಒಂದು ಸಲವೂ ಹೇಳಲಿಲ್ಲ. "ಅರ್ಧ ಗಂಟೆ ನೋಡೋಣ. ಸಾಲದಿದ್ರೆ ಮತ್ತೆ ಡಾಕ್ಟರನ್ನ ಕೇಳ್ತೀನಿ" ಅಂದರು. ಬೀರುವಿಗೆ ಅಂಟಿಸಿದ್ದ ಹಾಳೆಯ ಮೇಲೆ ಟೈಮ್ ಬರೆದರು. ನೆಲದ ಮೇಲೆ ಕೂತು ಪುಟ್ಟಿಯ ಪಾದ ಎರಡನ್ನೂ ಮಡಿಲಲ್ಲಿ ಇಟ್ಟುಕೊಂಡರು. ಅರ್ಧ ಗಂಟೆ ಎಷ್ಟು ಉದ್ದ ಇರುತ್ತದೆ ಅನ್ನುವುದು ನನಗೆ ಆವತ್ತೇ ಗೊತ್ತಾಗಿದ್ದು. ಸಾಲಲಿಲ್ಲ. ಮತ್ತೆ ಫೋನ್, ಮತ್ತೆ ಡೋಸು, ಮತ್ತೆ ಟೈಮ್ ಬರೆದದ್ದು. ಬೆಳಗಿನ ಜಾವದ ಹೊತ್ತಿಗೆ ಮಡಚಿದ್ದ ಮೊಣಕಾಲು ಒಂದೊಂದಾಗಿ ನೆಟ್ಟಗಾದವು. ಆಮೇಲೆ ಬಾಯಿ ತೆರೆದುಕೊಂಡು ನಿದ್ದೆ ಹೋದಳು. ಸಿಸ್ಟರ್ ಎದ್ದು, ಸೊಂಟ ನೀವಿಕೊಂಡು, "ಮಾರ್ಫಿನ್ ಜಾಸ್ತಿ ಮಾಡಿದ್ದೀವಿ, ಹೊಟ್ಟೆ ಕಟ್ಟುತ್ತೆ. ಆ ಸಿರಪ್ ಮರೀಬೇಡಿ" ಅಂದರು. ಅಂಥ ರಾತ್ರಿ ಕಳೆದ ಮೇಲೆ ಅವರ ಬಾಯಿಂದ ಬಂದ ಮೊದಲ ಮಾತು ಇದು. ನನಗೆ ನಗು ಬಂತು. ಎಷ್ಟೋ ದಿನದ ಮೇಲೆ.

ಮಾರ್ಫಿನ್ ಅಂದರೆ ಕೊನೆಗಾಲ ಅಂತ ನಾವು ಎಲ್ಲಿಂದ ಕಲಿತೆವೋ ಗೊತ್ತಿಲ್ಲ. ವಿಶ್ವ ಆರೋಗ್ಯ ಸಂಸ್ಥೆ 2007ರಲ್ಲಿ ಮಕ್ಕಳಿಗೆ ಅಂತಲೇ ಅಗತ್ಯ ಔಷಧಿಗಳ ಪಟ್ಟಿ ತಂದಿತು, ಅದರಲ್ಲಿ ಮಾರ್ಫಿನ್ ಇದೆ. ಹೆದರಿಕೆಯಿಂದ ಬೇಡ ಅನ್ನುತ್ತಿರುವ ಅಪ್ಪ ಅಮ್ಮ ಯಾರಾದರೂ ಇದನ್ನು ಓದುತ್ತಿದ್ದರೆ, ನಿಮ್ಮ ಡಾಕ್ಟರ ಹತ್ತಿರ ಕೂತು ಆ ಹೆದರಿಕೆಯನ್ನೇ ಮೊದಲು ಹೇಳಿ. ನಮ್ಮವರು ಹೇಳಿದ ಹಾಗೆ, ನೇರವಾಗಿ.

ಪುಟ್ಟಿ ಮಲಗಿದ ಮೇಲೂ ಸಿಸ್ಟರ್ ಹೊರಡಲಿಲ್ಲ. ನಮ್ಮಿಬ್ಬರನ್ನೂ ಅಡುಗೆ ಮನೆಯಲ್ಲಿ ಕೂರಿಸಿಕೊಂಡು ಮುಂದೆ ಏನೇನಾಗುತ್ತದೆ ಅಂತ ಹೇಳಿದರು. ಹೊಸ ಊರಿಗೆ ಹೊರಟವರಿಗೆ ದಾರಿ ಹೇಳುವ ಹಾಗೆ, ಒಂದಾದ ಮೇಲೆ ಒಂದು. ನಿದ್ದೆ ಜಾಸ್ತಿಯಾಗುತ್ತೆ. ಊಟ ಬೇಡ ಅಂತಾಳೆ, ಬಲವಂತ ಮಾಡಬೇಡಿ, ದೇಹಕ್ಕೆ ಆಗ ಅದು ಬೇಕಾಗಿರಲ್ಲ. ಕೈಕಾಲು ತಣ್ಣಗಾಗುತ್ತೆ, ಚರ್ಮದ ಬಣ್ಣ ಅಲ್ಲಲ್ಲಿ ಬದಲಾಗುತ್ತೆ. ಉಸಿರು ಜೋರಾಗಿ, ಆಮೇಲೆ ಸಣ್ಣಗಾಗಿ, ನಡುವೆ ನಿಂತೇ ಹೋಯಿತೇನೋ ಅನ್ನುವಷ್ಟು ಬಿಡುವು ಕೊಡುತ್ತೆ. ಗಂಟಲಲ್ಲಿ ಗೊರಗೊರ ಅನ್ನಬಹುದು. "ಆ ಸದ್ದು ಕೇಳೋರಿಗೆ ಸಂಕಟ. ಅವಳಿಗೆ ಗೊತ್ತಾಗ್ತಿರಲ್ಲ."

ನನಗೆ ಅವರ ಮೇಲೆ ಕೆಟ್ಟ ಸಿಟ್ಟು ಬಂತು. ಎದ್ದು ಹೋಗಿ ಬಚ್ಚಲಲ್ಲಿ ನಲ್ಲಿ ಬಿಟ್ಟುಕೊಂಡು ನಿಂತೆ. ವಾಪಸ್ ಬಂದಾಗ ಅವರು ಅಲ್ಲೇ ಕೂತಿದ್ದರು. ಎಲ್ಲಿ ನಿಲ್ಲಿಸಿದ್ದರೋ ಅಲ್ಲಿಂದಲೇ ಮುಂದುವರಿಸಿದರು. ಸಿಸ್ಟರ್, ನೀವು ಆ ಮಾತನ್ನು ಇನ್ನೊಂದು ದಿನಕ್ಕೆ ಇಟ್ಟುಕೊಳ್ಳಬಹುದಿತ್ತು. ಇಟ್ಟುಕೊಳ್ಳಲಿಲ್ಲ. ನಾವು ನಿಮಗೆ ಯಾವುದಕ್ಕೆ ಋಣಿ ಅಂತ ಯಾರಾದರೂ ಕೇಳಿದರೆ ನಾನು ಮಾರ್ಫಿನ್‌ಗಿಂತ ಮೊದಲು ಇದನ್ನೇ ಹೇಳುತ್ತೇನೆ. ಕೊನೆಯ ದಿನ ಅವಳ ಉಸಿರು ನಡುನಡುವೆ ನಿಂತಾಗ ನಾವು ಆಂಬುಲೆನ್ಸಿಗೆ ಓಡಲಿಲ್ಲ. ನಮ್ಮವರಿಗೆ ಯಾವುದಕ್ಕೂ ಒಂದು ಹೆಸರು ಸಿಕ್ಕರೆ ಸ್ವಲ್ಪ ಧೈರ್ಯ. ಹುಡುಕಿ ಇಟ್ಟುಕೊಂಡಿದ್ದರು, ಚೇನ್-ಸ್ಟೋಕ್ಸ್ ಉಸಿರಾಟ ಅಂತ. 19ನೇ ಶತಮಾನದಲ್ಲಿ ಡಬ್ಲಿನ್‌ನಲ್ಲಿದ್ದ ಇಬ್ಬರು ಡಾಕ್ಟರುಗಳ ಹೆಸರಂತೆ ಅದು. "ಇದು ಅದೇ ಅಲ್ವಾ?" ಅಂತ ನನ್ನನ್ನು ಕೇಳಿದರು. ಹೌದು ಅಂದೆ. ಇಬ್ಬರೂ ಅವಳ ಎರಡೂ ಪಕ್ಕ ಮಲಗಿಕೊಂಡೆವು. ಅಷ್ಟೇ. ಅದಕ್ಕಿಂತ ಹೆಚ್ಚು ಅವತ್ತಿನದನ್ನು ನಾನು ಬರೆಯುವುದಿಲ್ಲ.

ಮಾತಿನ ವಿಷಯದಲ್ಲೂ ಸಿಸ್ಟರ್ ನಮಗೆ ದಾರಿ ತೋರಿಸಿದರು. ಪುಟ್ಟಿಗೆ ಹೇಳಬೇಕಾ ಬೇಡವಾ ಅಂತ ನಾವಿಬ್ಬರೂ ಕಿತ್ತಾಡುತ್ತಿದ್ದ ಕಾಲ. "ಅವಳು ಕೇಳಿದಷ್ಟಕ್ಕೆ ಉತ್ತರ ಕೊಡಿ. ಕೇಳದೇ ಇರೋದನ್ನ ಹೇಳೋಕೆ ಹೋಗಬೇಡಿ. ಸುಳ್ಳು ಮಾತ್ರ ಬೇಡ" ಅಂದಿದ್ದರು. ಒಂದು ಮಧ್ಯಾಹ್ನ ಬಣ್ಣ ಹಚ್ಚುತ್ತಿದ್ದವಳು ತಲೆ ಎತ್ತದೆ ಕೇಳಿದಳು.

"ಅಮ್ಮ, ನಾನು ಸತ್ತೋದ್ರೆ ನನ್ನ ಕ್ರೇಯಾನ್ ಡಬ್ಬ ಯಾರಿಗೆ?"

"ನಿಂಗೆ ಯಾರಿಗೆ ಕೊಡ್ಬೇಕು ಅನ್ಸುತ್ತೆ?"

"ಅಣ್ಣಂಗೆ. ಕೆಂಪು ಮಾತ್ರ ಬೇಡ. ಅವನು ಒತ್ತಿ ಒತ್ತಿ ಮುರೀತಾನೆ."

ಸ್ವಲ್ಪ ಹೊತ್ತು ಬಿಟ್ಟು, "ಆಗ ನೋವಾಗುತ್ತಾ?" ಅಂದಳು. ಆಗದ ಹಾಗೆ ಸಿಸ್ಟರ್ ನೋಡ್ಕೋತಾರೆ, ನಾನೂ ಅಪ್ಪನೂ ಪಕ್ಕದಲ್ಲೇ ಇರ್ತೀವಿ ಅಂದೆ. ಹ್ಞೂಂ ಅಂದು ಮತ್ತೆ ಬಣ್ಣ ಹಚ್ಚಿದಳು. ಐದು ವರ್ಷದ ಮಗುವಿಗೆ ಏನೂ ಗೊತ್ತಾಗುವುದಿಲ್ಲ ಅಂದವರು ಬಹಳ ಜನ. ಅವಳಿಗೆ ಎಲ್ಲ ಗೊತ್ತಿತ್ತು. ನಾವು ಅದನ್ನು ತಡೆದುಕೊಳ್ಳುತ್ತೇವಾ ಅಂತ ನೋಡುತ್ತಿದ್ದಳು ಅಂತ ಕಾಣುತ್ತದೆ.

ಇದರ ಬಗ್ಗೆ ಸ್ವೀಡನ್ನಿನಲ್ಲಿ ಒಂದು ಅಧ್ಯಯನ ಆಗಿದೆ, 2004ರಲ್ಲಿ ಪ್ರಕಟವಾದದ್ದು. ಕ್ಯಾನ್ಸರಿನಿಂದ ಮಗುವನ್ನು ಕಳೆದುಕೊಂಡ ಅಪ್ಪ ಅಮ್ಮಂದಿರನ್ನು ಕೇಳಿದ್ದರು. ಮಗುವಿನ ಜೊತೆ ಸಾವಿನ ಬಗ್ಗೆ ಮಾತಾಡಿದ್ದ 147 ಜನರಲ್ಲಿ ಯಾಕಾದರೂ ಮಾತಾಡಿದೆವೋ ಅಂದವರು ಒಬ್ಬರೂ ಇಲ್ಲ. ಮಾತಾಡದಿದ್ದ 258 ಜನರಲ್ಲಿ 69 ಮಂದಿ ಮಾತಾಡಬೇಕಿತ್ತು ಅಂದರು. ಹಾಗಂತ ಇದನ್ನು ಯಾರ ಮೇಲೂ ಹೇರಬೇಡಿ. ಮಾತಾಡದೆಯೂ ಕೊರಗಿಲ್ಲದೆ ಇರುವವರೇ ಆ ಲೆಕ್ಕದಲ್ಲಿ ಜಾಸ್ತಿ. ಮಗು ಕೇಳಿದಾಗ ಬಾಯಿ ಕಟ್ಟದಿದ್ದರೆ ಸಾಕು.

ದೊಡ್ಡವನಿಗೂ ನಾವು ಉಳ್ಳದ್ದನ್ನೇ ಹೇಳಿದೆವು. ತಂಗಿ ಮಲಗಿದ್ದಾಳೆ, ದೂರ ಹೋಗಿದ್ದಾಳೆ ಅಂತೆಲ್ಲ ಹೇಳಬೇಡಿ, ಆಮೇಲೆ ಮಲಗೋಕೆ ಹೆದರ್ತಾನೆ, ಬಾಗಿಲು ಕಾಯ್ತಾ ಕೂರ್ತಾನೆ ಅಂತ ಸಿಸ್ಟರ್ ಎಚ್ಚರಿಸಿದ್ದರು. ಅವನ ತಪ್ಪಿನಿಂದ ಆಗಿದ್ದಲ್ಲ ಅನ್ನುವುದನ್ನು ಅವನು ಕೇಳದಿದ್ದರೂ ಹೇಳಿ ಅಂತಲೂ. ಹೇಳಿದೆವು. ಅವನು ಕೇಳಿರಲಿಲ್ಲ, ಆದರೆ ಅದೇ ಯೋಚನೆಯಲ್ಲಿದ್ದ.

ನಮ್ಮ ಅತ್ತೆಗೆ ಒಂದು ಮಾತು. ಮೊಮ್ಮಗಳು ಊಟ ಬಿಟ್ಟದ್ದು ಅವರಿಗೆ ಎಲ್ಲರಿಗಿಂತ ಜಾಸ್ತಿ ಕಷ್ಟವಾಯಿತು. ಚಮಚ ಹಿಡಿದು ನಿಂತೇ ಇರುತ್ತಿದ್ದರು. ಸಿಸ್ಟರ್ ಆ ಚಮಚ ಮೆಲ್ಲಗೆ ತೆಗೆದುಕೊಂಡು ಅವರ ಕೈಗೆ ಹತ್ತಿ ಕೊಟ್ಟರು. ಅದನ್ನು ಒದ್ದೆ ಮಾಡಿ ತುಟಿ ಒರೆಸುವ ಕೆಲಸ. ಅಲ್ಲಿಂದ ಮುಂದೆ ಅದನ್ನು ಬೇರೆ ಯಾರಿಗೂ ಬಿಟ್ಟುಕೊಡಲಿಲ್ಲ ಅವರು. ಪುಟ್ಟಿಯ ತುಟಿ ಕೊನೆಯವರೆಗೂ ಒಡೆಯಲಿಲ್ಲ.

ಅಕ್ಕ, ನೀನು ರಾತ್ರಿಗಳನ್ನು ಕೊಟ್ಟೆ. ನೀನು ಬಂದು ಪುಟ್ಟಿ ಪಕ್ಕ ಕೂತ ದಿನ ಮಾತ್ರ ನಾವು ಮಲಗಿದ್ದು. ಗುಣವಾಗದ ಕಾಯಿಲೆಯವರನ್ನು ನೋಡಿಕೊಳ್ಳುವ ಮನೆಗೆ ಹಾಸ್ಪಿಸ್ ಅನ್ನುತ್ತಾರೆ. ಮಕ್ಕಳಿಗಾಗಿಯೇ ಇರುವ ಜಗತ್ತಿನ ಮೊದಲ ಹಾಸ್ಪಿಸ್, ಆಕ್ಸ್‌ಫರ್ಡ್‌ನ ಹೆಲೆನ್ ಹೌಸ್, 1982ರಲ್ಲಿ ಶುರುವಾದದ್ದೂ ಹೀಗೇ ಅಂತೆ. ಒಬ್ಬ ಸನ್ಯಾಸಿನಿ ತನಗೆ ಪರಿಚಯವಾದ ದಂಪತಿಯ ಕಾಯಿಲೆ ಮಗುವನ್ನು ಆಗಾಗ ತಾನು ನೋಡಿಕೊಂಡು ಅವರಿಗೆ ವಿಶ್ರಾಂತಿ ಕೊಟ್ಟಿದ್ದರಿಂದ. ಓದಿದಾಗ ನೀನೇ ನೆನಪಾದೆ. ನೀನು ಸನ್ಯಾಸಿನಿ ಅಂತ ಮಾತ್ರ ಯಾರೂ ಒಪ್ಪುವುದಿಲ್ಲ, ಬಿಡು.

ಇನ್ನೊಂದು ಹೇಳಲೇಬೇಕು. ದೇವರಿಗೆ ಇಷ್ಟವಾದವರನ್ನ ಬೇಗ ಕರ್ಕೊಳ್ತಾನೆ ಅಂದವರಿದ್ದಾರೆ. ಇನ್ನೊಂದು ಮಾಡ್ಕೊಳ್ಳಿ, ಎಲ್ಲ ಸರಿಹೋಗುತ್ತೆ ಅಂದವರಿದ್ದಾರೆ, ಅದೂ ಅವಳ ಬಟ್ಟೆ ಇನ್ನೂ ಹಗ್ಗದ ಮೇಲೆ ಒಣಗುತ್ತಿದ್ದಾಗ. ನನಗೆ ಇನ್ನೊಂದು ಬೇಡ. ನನಗೆ ಅವಳು ಬೇಕು. ರಾತ್ರಿ ಡೋಸಿನ ಹೊತ್ತಿಗೆ ಈಗಲೂ ಎಚ್ಚರವಾಗುತ್ತದೆ, ಎದ್ದು ಕೂರುತ್ತೇನೆ, ಕೊಡುವುದಕ್ಕೆ ಯಾರೂ ಇಲ್ಲ. ಆ ಹೊತ್ತಿನಲ್ಲಿ ಯಾವ ದೇವರ ಇಷ್ಟವೂ ನನಗೆ ಅರ್ಥವಾಗುವುದಿಲ್ಲ.

ಕೆಟ್ಟ ಮನಸ್ಸಿನಿಂದ ಯಾರೂ ಅಂದದ್ದಲ್ಲ, ಗೊತ್ತಿದೆ. ಏನು ಹೇಳಬೇಕು ಅಂತ ತೋಚದೆ ಬಾಯಿಗೆ ಬಂದದ್ದು. ತೋಚದಿದ್ದರೆ ಸುಮ್ಮನೆ ಕೂತುಕೊಳ್ಳಿ. ನಮ್ಮ ಎದುರು ಮನೆಯ ಅಜ್ಜ ದಿನಾ ಬಂದು ಪೇಪರ್ ಓದಿ ಹೋಗುತ್ತಿದ್ದರು, ಒಂದು ಮಾತಿಲ್ಲ. ಅವರು ಬರದ ದಿನ ನಮಗೆ ಏನೋ ಕಮ್ಮಿಯಾದ ಹಾಗಿರುತ್ತಿತ್ತು.

ಈಗ ಹೇಗಿದ್ದೀರಿ ಅಂತ ಎಲ್ಲರೂ ಕೇಳುತ್ತೀರಿ. ನಮ್ಮವರು ಕೆಲಸಕ್ಕೆ ಹೋಗುತ್ತಿದ್ದಾರೆ. ದೊಡ್ಡವನು ಶಾಲೆಯಲ್ಲಿ ಜಗಳ ಆಡುತ್ತಿದ್ದಾನೆ, ಟೀಚರ್ ಅವನನ್ನು ಬೈಯದೆ ಪಕ್ಕದಲ್ಲಿ ಕೂರಿಸಿಕೊಳ್ಳುತ್ತಿದ್ದಾರೆ, ಅವರಿಗೂ ಥ್ಯಾಂಕ್ಸ್. ಉಳಿದ ಮಾರ್ಫಿನ್ ಲೆಕ್ಕ ಹಾಕಿ ವಾಪಸ್ ಕೊಟ್ಟಾಯಿತು. ಗಾಲಿಕುರ್ಚಿಯನ್ನು ಸಿಸ್ಟರ್ ತಂಡಕ್ಕೇ ಕೊಟ್ಟಿದ್ದೇವೆ, ಸಣ್ಣ ಅಳತೆಯದು ಸುಲಭಕ್ಕೆ ಸಿಗುವುದಿಲ್ಲ. ಸಿಸ್ಟರ್ ಇನ್ನೂ ಫೋನ್ ಮಾಡುತ್ತಾರೆ. ಮಗು ಹೋದ ಮೇಲೂ ಮನೆಯವರನ್ನು ವಿಚಾರಿಸುವುದು ಅವರ ಕೆಲಸದಲ್ಲೇ ಸೇರಿದೆಯಂತೆ. ರಾತ್ರಿ ಹತ್ತರ ಮೇಲೆ ಮಾಡುವುದೂ ಸೇರಿದೆಯಾ ಅಂತ ನಾನು ಕೇಳಿಲ್ಲ.

ಕೊನೆಯದಾಗಿ ಒಂದು ಕೋರಿಕೆ. ಅವಳ ಹೆಸರು ನಮ್ಮ ಮುಂದೆ ಎತ್ತಬಾರದು ಅಂತ ಯಾರೋ ಹೇಳಿದ್ದಾರಂತೆ. ನಾವು ಹೇಳಿದ್ದಲ್ಲ. ಧಾರಾಳವಾಗಿ ಎತ್ತಿ. ನಾನು ಅತ್ತರೆ ನೀವು ಅಳಿಸಿದ್ದು ಅಂತ ಅಂದುಕೊಳ್ಳಬೇಡಿ. ನಿಮ್ಮ ನಿಮ್ಮ ಮನೆಯ ಹುಟ್ಟುಹಬ್ಬದ, ಮದುವೆಯ ವಿಡಿಯೋಗಳಲ್ಲಿ ಅವಳು ಎಲ್ಲಾದರೂ ಓಡಾಡುತ್ತಿರುತ್ತಾಳೆ, ಹಿಂದೆಲ್ಲೋ ಕೂಗುತ್ತಿರುತ್ತಾಳೆ. ಅರ್ಧ ನಿಮಿಷದ್ದಾದರೂ ಸರಿ, ಮುಖ ಕಾಣದೆ ದನಿ ಮಾತ್ರ ಇದ್ದರೂ ಸರಿ, ಕಳಿಸಿ. ತಮ್ಮನಿಗೆ ಕಳಿಸಿ, ಅವನು ಎಲ್ಲ ಒಂದು ಕಡೆ ಸೇರಿಸಿ ಇಡುತ್ತಿದ್ದಾನೆ.