ಹನ್ನೊಂದರಲ್ಲಿ ಏಳನ್ನು ಹೊಡೆದುಹಾಕಿದ್ದೇನೆ

ಮೈಸೂರು, ಮಂಗಳವಾರ

ಚಿ. ಸೌ. ಪುಟ್ಟಿಗೆ ದೊಡ್ಡಮ್ಮನ ಆಶೀರ್ವಾದಗಳು.

ಇಲ್ಲಿ ಎಲ್ಲರೂ ಕ್ಷೇಮ. ಅಂಚೆಗೆ ಹಾಕಿದರೆ ನಿನ್ನ ಶನಿವಾರ ಮುಗಿದ ಮೇಲೆ ತಲುಪೀತು ಎಂದು ಕಾಗದದಲ್ಲಿ ಬರೆದು, ಫೋಟೋ ತೆಗೆದು ವಾಟ್ಸಾಪ್‌ನಲ್ಲಿ ಕಳಿಸುತ್ತಿದ್ದೇನೆ. ಅಕ್ಷರ ಸಣ್ಣದಾದರೆ ದೊಡ್ಡದು ಮಾಡಿಕೊಂಡು ಓದು.

ನಿನ್ನೆ ರಾತ್ರಿ ನೀನು ಫೋನಿನಲ್ಲಿ ಅತ್ತದ್ದು ಕೇಳಿ ಮೊದಲು ಗಾಬರಿಯಾಯಿತು. ಆಮೇಲೆ ನೀನು ಕಳಿಸಿದ ಪಟ್ಟಿ ನೋಡಿದೆ. ಸ್ವಲ್ಪ ಕೋಪವೂ ಬಂತು. ಹೊಸ ಮನೆಗೆ ಇಪ್ಪತ್ತೆರಡು ಜನರನ್ನು ಊಟಕ್ಕೆ ಕರೆದಿದ್ದೀಯ, ಸಂತೋಷ. ಅದಕ್ಕೆ ಬಜ್ಜಿ, ಪೂರಿ, ಪನೀರ್ ಮಸಾಲೆ, ಬಿಸಿಬೇಳೆಬಾತ್, ಪುಳಿಯೋಗರೆ, ಕೋಸಂಬರಿ, ಮೊಸರನ್ನ, ಒಬ್ಬಟ್ಟು, ಜಾಮೂನು, ಪಾಯಸ, ಸಂಡಿಗೆ! ಯಾರ ಮದುವೆ? ಕೆಂಪು ಪೆನ್ನು ನನಗೆ ಹೊಸತಲ್ಲ, ಮೂವತ್ತೊಂದು ವರ್ಷ ಮಕ್ಕಳ ಉತ್ತರ ಪತ್ರಿಕೆ ತಿದ್ದಿದವಳು. ಹನ್ನೊಂದರಲ್ಲಿ ಏಳನ್ನು ಹೊಡೆದುಹಾಕಿದ್ದೇನೆ. ಉಳಿದದ್ದು ಬಿಸಿಬೇಳೆಬಾತ್, ಮೊಸರನ್ನ, ಕೋಸಂಬರಿ, ಸಂಡಿಗೆ. ಸಿಹಿ ನಾನು ಇಲ್ಲಿಂದ ತರುತ್ತೇನೆ: ಮೈಸೂರು ಪಾಕು. ಗೂಡು ಗೂಡಾಗಿ ಗಟ್ಟಿಯಾಗಿರುವ ಹಳೆಯ ಬಗೆಯದ್ದು. ಬಾಯಿಗಿಟ್ಟರೆ ಬೆಣ್ಣೆಯಂತೆ ಜಾರುವ ಈಗಿನದನ್ನು ಮೈಸೂರು ಪಾಕು ಎಂದು ಕರೆಯಲು ನನಗೆ ಮನಸ್ಸು ಬರುವುದಿಲ್ಲ.

ನಿನಗೆ ಹೇಳುವ ಅಧಿಕಾರ ನನಗೆ ಎಲ್ಲಿಂದ ಬಂತು ಎಂದರೆ, ಇದೇ ತಪ್ಪನ್ನು ನಿನಗಿಂತ ದೊಡ್ಡದಾಗಿ ಮಾಡಿದ್ದರಿಂದ. 1994ರಲ್ಲಿ ಕುವೆಂಪುನಗರದ ಈ ಮನೆಯ ಗೃಹಪ್ರವೇಶವಾಯಿತಲ್ಲ, ಆಗ ಅಡುಗೆಯವರು ಬೇಡ, ನಾನೇ ಮಾಡುತ್ತೇನೆ ಎಂದು ಸೊಂಟಕ್ಕೆ ಸೆರಗು ಸಿಕ್ಕಿಸಿದೆ. ಹದಿನಾಲ್ಕು ಬಗೆ. ನನ್ನ ಜೊತೆ ಬಿ.ಎಡ್. ಓದಿದ ಗೆಳತಿ ಧಾರವಾಡದಿಂದ ರಾತ್ರಿಯಿಡೀ ಬಸ್ಸಿನಲ್ಲಿ ಕುಳಿತು ಬಂದಿದ್ದಳು. ನಾವಿಬ್ಬರು ಮುಖ ನೋಡಿ ಒಂಬತ್ತು ವರ್ಷವಾಗಿತ್ತು. ಆ ದಿನವೆಲ್ಲ ನಾನು ಅವಳ ಜೊತೆ ಆಡಿದ್ದು ಮೂರು ಮಾತು. ‘ಬಂದೆಯಾ, ಕೂತುಕೋ.’ ‘ಆ ಜಾಲರಿ ಇಲ್ಲಿ ಕೊಡು.’ ‘ಊಟವಾಯಿತಾ?’ ಸಂಜೆಯ ಬಸ್ಸಿಗೆ ಅವಳು ಹೊರಟುಹೋದಳು. ಎರಡು ದಿನವಾದ ಮೇಲೆ ಅಕ್ಕಿ ಡಬ್ಬದ ಹಿಂದೆ ಒಂದು ಪೊಟ್ಟಣ ಸಿಕ್ಕಿತು. ಅವಳು ತಂದಿದ್ದ ಪೇಡೆ. ಯಾವಾಗ ಕೈಗೆ ಕೊಟ್ಟಳು, ನಾನು ಯಾವಾಗ ಅಲ್ಲಿಟ್ಟೆ, ಒಂದೂ ನೆನಪಿಲ್ಲ. ಇರುವೆ ಮುತ್ತಿತ್ತು.

ಆ ಹದಿನಾಲ್ಕು ಬಗೆಯಲ್ಲಿ ಏನೇನಿತ್ತು ಎಂದು ಈಗ ನಿನ್ನ ದೊಡ್ಡಪ್ಪನನ್ನು ಕೇಳು. ‘ಚೆನ್ನಾಗಿತ್ತು’ ಎನ್ನುತ್ತಾರೆ, ಅಷ್ಟೇ.

ಅದಕ್ಕೇ ನಾನು ಒಂದು ಪರೀಕ್ಷೆ ಇಟ್ಟುಕೊಂಡಿದ್ದೇನೆ. ಮೊದಲನೆಯ ನೆಂಟರು ಕರೆಗಂಟೆ ಒತ್ತಿದಾಗ ಒಲೆಯ ಮುಂದೆ ನಿಂತಿರಬೇಕಾದ ಯಾವ ತಿಂಡಿಯೂ ಪಟ್ಟಿಯಲ್ಲಿ ಇರಬಾರದು. ಬಜ್ಜಿ, ಪೂರಿ ಹೋದದ್ದು ಇದೇ ಕಾರಣಕ್ಕೆ. ಬಜ್ಜಿ ಬಿಸಿಯಿದ್ದಾಗಲೇ ಬಜ್ಜಿ. ಇಪ್ಪತ್ತೆರಡು ಜನಕ್ಕೆ ಬಿಸಿ ಬಿಸಿ ಕರಿಯಲು ನಿಂತರೆ ಬಾಣಲೆ ನಿನ್ನನ್ನು ಎರಡು ಗಂಟೆ ಬಿಡುವುದಿಲ್ಲ. ಹಾಲಿನಲ್ಲಿ ನಗು ಕೇಳುತ್ತಿರುತ್ತದೆ. ಯಾತಕ್ಕೆ ನಕ್ಕರೆಂದು ನಿನಗೆ ಗೊತ್ತಾಗುವುದಿಲ್ಲ. ಸಂಡಿಗೆಯನ್ನು ಬೆಳಿಗ್ಗೆಯೇ ಕರಿದು, ಪೂರ್ತಿ ಆರಿದ ಮೇಲೆ ಬಿಗಿ ಮುಚ್ಚಳದ ಡಬ್ಬಕ್ಕೆ ಹಾಕಿಡು. ಬೆಚ್ಚಗಿರುವಾಗಲೇ ಮುಚ್ಚಿದರೆ ಬೆವರಿ ಮೆತ್ತಗಾಗುತ್ತದೆ.

ಬಿಸಿಬೇಳೆಬಾತಿಗೆ ಒಂದು ಕೆಜಿ ಅಕ್ಕಿ, ಮುಕ್ಕಾಲು ಕೆಜಿ ತೊಗರಿಬೇಳೆ, ಒಂದೂಕಾಲು ಕೆಜಿ ತರಕಾರಿ ಸಾಕು. ಮೊಸರನ್ನ ಬೇರೆ ಇದೆಯಲ್ಲ. ನಿನ್ನ ಐದು ಲೀಟರಿನ ಕುಕ್ಕರಿಗೆ ಇದೆಲ್ಲ ಒಟ್ಟಿಗೆ ಹಿಡಿಯುವುದಿಲ್ಲ. ತುರುಕಲು ಹೋಗಬೇಡ, ಬೇಳೆ ಉಕ್ಕಿ ಸೀಟಿಗೆ ಸಿಕ್ಕಿಕೊಂಡರೆ ಅಪಾಯ. ಬೇಳೆ ಒಂದು ಸಲ, ಅನ್ನ ಎರಡು ಕಂತಿನಲ್ಲಿ ಬೇಯಿಸಿ, ತರಕಾರಿಯನ್ನು ಹೊರಗೆ ಬೇಯಿಸಿಕೊಂಡು, ದೊಡ್ಡ ಪಾತ್ರೆಯಲ್ಲಿ ಹುಣಸೆಹಣ್ಣಿನ ರಸ, ಬೆಲ್ಲ, ಪುಡಿ ಹಾಕಿ ಕೂಡಿಸು. ಪುಡಿಯನ್ನು ಗುರುವಾರವೇ ಹುರಿದು ಕುಟ್ಟಿಟ್ಟುಕೋ. ಐದು ಗಂಟೆಗೆ ಒಲೆ ಆರಿಸುವಾಗ ಅದು ನಿನಗೆ ನೀರಾಗಿ ಕಾಣಬೇಕು. ‘ಅಯ್ಯೋ, ಹುಳಿಯ ಹಾಗಾಯಿತು’ ಎನಿಸಬೇಕು. ಎಂಟು ಗಂಟೆಯ ಹೊತ್ತಿಗೆ ಅನ್ನ ಆ ನೀರನ್ನೆಲ್ಲ ಕುಡಿದು ಸರಿಯಾದ ಹದಕ್ಕೆ ಬಂದಿರುತ್ತದೆ. ಐದು ಗಂಟೆಗೇ ಹದವಾಗಿದ್ದರೆ ಎಂಟಕ್ಕೆ ಸೌಟು ನೆಟ್ಟಗೆ ನಿಲ್ಲುತ್ತದೆ. ಆದರೂ ಪಕ್ಕದಲ್ಲಿ ಒಂದು ಚೆಂಬು ಬಿಸಿನೀರು ಇರಲಿ.

ಮತ್ತೆ ಬಿಸಿ ಮಾಡುವಾಗ ಪಾತ್ರೆಯನ್ನು ನೇರ ಉರಿಗೆ ಇಡಬೇಡ. ಕೆಳಗೆ ಹಳೆಯ ದೋಸೆ ಕಾವಲಿ ಇಟ್ಟು ಅದರ ಮೇಲೆ ಪಾತ್ರೆಯಿಟ್ಟು, ಸಣ್ಣ ಉರಿಯಲ್ಲಿ ಬಿಟ್ಟುಬಿಡು. ತಳ ಹಿಡಿಯುವುದು ಬಹಳ ಕಡಿಮೆ. ಹಾಗೂ ಹಿಡಿದರೆ ಸೌಟು ಹಾಕಿ ಕೆರೆಯಬೇಡ. ಮೇಲಿನದನ್ನು ಮೆತ್ತಗೆ ಬೇರೆ ಪಾತ್ರೆಗೆ ಬಗ್ಗಿಸಿಕೊಂಡು, ಸೀದ ಪಾತ್ರೆಗೆ ನೀರು ತುಂಬಿ ಬಾಲ್ಕನಿಯಲ್ಲಿ ಇಟ್ಟುಬಿಡು. ಕೆರೆದರೆ ಸೀದ ವಾಸನೆ ಇಡೀ ಬಾತಿಗೆ ಹತ್ತುತ್ತದೆ, ಕೆರೆಯದಿದ್ದರೆ ಯಾರಿಗೂ ಗೊತ್ತಾಗುವುದಿಲ್ಲ. ತುಪ್ಪ ಮಾತ್ರ ತಟ್ಟೆಗೆ ಬಡಿಸಿದ ಮೇಲೆ. ಬಾತಿಗೆ ಈರುಳ್ಳಿ ಹಾಕಬೇಡ. ನಿನ್ನ ಅತ್ತೆ ತಿನ್ನುವುದಿಲ್ಲವಲ್ಲ. ಅವರಿಗೆಂದು ಬೇರೆ ಪಾತ್ರೆ, ಬೇರೆ ಸೌಟು ಎಂದು ಶುರುಮಾಡಿದರೆ ಅದೇ ಇನ್ನೊಂದು ಅಡುಗೆಯಾಗುತ್ತದೆ. ಬೇಕಾದವರಿಗೆ ಹೆಚ್ಚಿದ ಈರುಳ್ಳಿ ಒಂದು ಬಟ್ಟಲಿನಲ್ಲಿ ಪಕ್ಕಕ್ಕಿರಲಿ.

ಮೊಸರನ್ನಕ್ಕೆ ಅರ್ಧ ಕೆಜಿ ಅಕ್ಕಿ. ಮಧ್ಯಾಹ್ನ ಅನ್ನ ಬಿಸಿಯಿರುವಾಗಲೇ ಚೆನ್ನಾಗಿ ಹಿಸುಕಿ, ಬೆಚ್ಚಗಾದ ಮೇಲೆ ಒಂದು ಲೀಟರ್ ಕಾಯಿಸಿ ಆರಿಸಿದ ಹಾಲು, ಒಂದು ಸೌಟು ಮೊಸರು ಹಾಕಿ ಕಲಸಿಡು. ಸಂಜೆಗೆ ತಾನೇ ಹೆಪ್ಪಾಗಿ, ಹುಳಿಯಿಲ್ಲದೆ ಇರುತ್ತದೆ. ಮೊದಲೇ ಬರೀ ಮೊಸರು ಸುರಿದರೆ ರಾತ್ರಿಗೆ ಹಲ್ಲು ಚುಳ್ಳೆನ್ನುತ್ತದೆ. ಖಾರ ತಿನ್ನದ ಮಕ್ಕಳಿಗೂ ಇದೇ ಆಯಿತು. ಕೋಸಂಬರಿಯ ಹೆಸರುಬೇಳೆಯನ್ನು ಒಂದು ಗಂಟೆ ನೆನೆಸಿ ಬಸಿದಿಡು. ಸೌತೆಕಾಯಿಯನ್ನು ಹೆಚ್ಚಿ ಬೇರೆಯೇ ಇಡು. ಉಪ್ಪು, ನಿಂಬೆಹಣ್ಣು ಬಡಿಸುವ ಗಳಿಗೆಯಲ್ಲಿ. ಉಪ್ಪು ಸೌತೆಕಾಯಿಯಿಂದ ನೀರೆಳೆಯುತ್ತದೆ, ಅರ್ಧ ಗಂಟೆ ಮೊದಲೇ ಹಾಕಿದರೆ ಬಟ್ಟಲಿನ ತಳದಲ್ಲಿ ಕೆರೆ.

ಅಡುಗೆಯ ಮಾತು ಸಾಕು.

ಏಳು ಗಂಟೆಗೆ ಎಂದು ಕರೆದಿದ್ದೀಯ. ಅದು ಬೆಂಗಳೂರು, ಹೊರವರ್ತುಲ ರಸ್ತೆ ದಾಟಿ ಬರುವವರು ಎಂಟಕ್ಕೆ ಬಂದರೆ ಪುಣ್ಯ. ಏಳಕ್ಕೇ ಬಂದವರನ್ನು ಹಸಿದು ಕೂರಿಸಬೇಡ. ನಿಂಬೆಹಣ್ಣಿನ ಪಾನಕ, ಬೇಕರಿಯಿಂದ ತಂದ ಕಾಂಗ್ರೆಸ್ ಕಡಲೆಬೀಜ ಮೇಜಿನ ಮೇಲಿದ್ದರೆ ಅವರ ಕೈಬಾಯಿಗೆ ಕೆಲಸವಾಯಿತು. ಎಂಟೂವರೆಗೆ ಯಾರು ಬಂದಿರಲಿ, ಬಿಡಲಿ, ಊಟಕ್ಕೆ ಏಳಿಸು.

ಕೆಲಸ ಹಂಚುವುದಕ್ಕೆ ನಾಚಿಕೆ ಬೇಡ. ‘ಏನಾದರೂ ಮಾಡಲೇ?’ ಎಂದು ಕೇಳಿದವರಿಗೆ ‘ಏನೂ ಬೇಡ, ಕೂತುಕೊಳ್ಳಿ’ ಎನ್ನುವುದು ನಮ್ಮ ಮನೆತನದ ರೋಗ. ಹೊಸ ಜಾಗದಲ್ಲಿ ಕೈಕಟ್ಟಿ ಕೂತವರಿಗೆ ಸಂಕೋಚ ಹೆಚ್ಚು. ಜಮಖಾನ ಹಾಸಲಿ, ಲೋಟಗಳಿಗೆ ನೀರು ತುಂಬಲಿ, ಸೌತೆಕಾಯಿ ಹೆಚ್ಚಲಿ. ಅತ್ತೆಗೆ ಮೊಸರನ್ನದ ಒಗ್ಗರಣೆಯನ್ನು ಒಪ್ಪಿಸು. ‘ಇಂಗು ಎಷ್ಟು ಹಾಕಬೇಕೋ ನನ್ನ ಅಳತೆ ತಪ್ಪುತ್ತದೆ, ನೀವೇ ಹಾಕಿ’ ಎನ್ನು. ಒಂದೇ ಕೆಲಸ ಕೊಡಬೇಕು, ಅದನ್ನು ಪೂರ್ತಿ ಬಿಟ್ಟುಕೊಡಬೇಕು. ಎರಡು ಕೊಟ್ಟರೆ ಅಡುಗೆಮನೆಯೇ ಅವರದಾಗುತ್ತದೆ! ಇದನ್ನು ಅಳಿಯಂದಿರಿಗೆ ಓದಿ ಹೇಳಬೇಡ. ಅವರ ಪಾಲಿಗೆ ಕುರ್ಚಿ, ಚಪ್ಪಲಿ ಬಿಡುವ ಜಾಗ, ಬಾಗಿಲು ತೆಗೆಯುವುದು, ಕೊನೆಗೆ ಕಸದ ಚೀಲ ಕೆಳಗೆ ಒಯ್ಯುವುದು.

ತಟ್ಟೆಗೆ ಅಡಿಕೆ ಹಾಳೆಯದ್ದೇ ತಾ. ಪ್ಲಾಸ್ಟಿಕ್ ತಟ್ಟೆ, ಚಮಚಗಳನ್ನು ನಮ್ಮ ರಾಜ್ಯದಲ್ಲಿ 2016ರಲ್ಲೇ ನಿಷೇಧಿಸಿದ್ದಾರೆ. ಅದಿಲ್ಲದಿದ್ದರೂ ಬಿಸಿಬೇಳೆಬಾತಿನ ಬಿಸಿಗೆ ಬಾಗುವ ತಟ್ಟೆ ಯಾರಿಗೆ ಬೇಕು? ಇಡೀ ಮನೆ ಒರೆಸಲು ಹೋಗಬೇಡ. ಬಚ್ಚಲು ತೊಳೆದು, ಹೊಸ ಸೋಪು, ಒಣಗಿದ ಟವೆಲ್ ಇಡು. ಇನ್ನೂ ಬಿಚ್ಚದ ರಟ್ಟಿನ ಪೆಟ್ಟಿಗೆಗಳನ್ನೆಲ್ಲ ಮಲಗುವ ಕೋಣೆಗೆ ನೂಕಿ ಬಾಗಿಲು ಹಾಕಿಕೋ. ಅದಕ್ಕೆಂದೇ ಬಾಗಿಲು ಇರುವುದು.

ಒಂದು ಮಾತು ಮಾತ್ರ ಒತ್ತಿ ಹೇಳುತ್ತೇನೆ. ನೀನು ಮೊದಲನೆಯ ಪಂಕ್ತಿಯಲ್ಲೇ ಕುಳಿತು ಉಣ್ಣಬೇಕು. ಬಡಿಸುವವಳು ಕೊನೆಗೆ, ತಣ್ಣಗಾದದ್ದನ್ನು, ನಿಂತುಕೊಂಡು ತಿನ್ನುವುದು ಸಂಪ್ರದಾಯ ಎಂದು ನಿನ್ನ ಅಮ್ಮನೂ ನಾನೂ ನಂಬಿದ್ದೆವು. ಆದರೆ ನಿನ್ನ ಅಜ್ಜಿ ಹಾಗಿರಲಿಲ್ಲ ಕಣೇ. ಹೇಳದೆ ಕೇಳದೆ ನಾಲ್ಕು ಜನ ಬಂದರೆ ಸಾರಿಗೆ ಒಂದು ಚೆಂಬು ನೀರು, ಒಂದು ಚಿಟಿಕೆ ಉಪ್ಪು. ಈಳಿಗೆಮಣೆಯನ್ನು ಜಗಲಿಗೇ ತಂದು, ಬಂದವರ ಎದುರಿಗೆ ಬದನೆಕಾಯಿ ಹೆಚ್ಚುತ್ತಾ ಅವರ ಊರಿನ ಮಳೆ, ಹಸು, ಹೆರಿಗೆ ಎಲ್ಲವನ್ನೂ ವಿಚಾರಿಸಿಕೊಳ್ಳುತ್ತಿದ್ದಳು. ಪಲ್ಯ ಎಷ್ಟೋ ಸಲ ಬೆಂದೇ ಇರುತ್ತಿರಲಿಲ್ಲ. ಆದರೂ ಜನ ಮತ್ತೆ ಮತ್ತೆ ಬರುತ್ತಿದ್ದರು.

ಶನಿವಾರ ಬೆಳಿಗ್ಗೆಯ ಬಸ್ಸಿಗೆ ನಾನು ಹೊರಡುತ್ತೇನೆ. ಮಧ್ಯಾಹ್ನದೊಳಗೆ ನಿನ್ನ ಮನೆಯಲ್ಲಿರುತ್ತೇನೆ. ಅಡುಗೆಮನೆಗೆ ಮಾತ್ರ ಕಾಲಿಡುವುದಿಲ್ಲ, ಮೊದಲೇ ಹೇಳಿದ್ದೇನೆ. ಬೆನ್ನು ಒರಗಿಸಲು ಒಂದು ಕುರ್ಚಿ ಹಾಲಿನಲ್ಲಿ ಇಟ್ಟಿರು.

ಇಂತಿ ನಿನ್ನ ಪ್ರೀತಿಯ
ದೊಡ್ಡಮ್ಮ

ಮರೆತಿದ್ದೆ: ಎರಡನೆಯ ಸಿಲಿಂಡರ್ ತುಂಬಿದೆಯೇ? ಈಗ ಉರಿಯುತ್ತಿರುವುದರಲ್ಲಿ ಎಷ್ಟಿದೆ ಎಂದು ತಿಳಿಯಲು ಒದ್ದೆ ಬಟ್ಟೆಯಿಂದ ಮೇಲಿನಿಂದ ಕೆಳಗೆ ಒಂದು ಪಟ್ಟೆ ಒರೆಸಿ ನೋಡು. ಖಾಲಿಯಾದ ಭಾಗ ಬೇಗ ಒಣಗುತ್ತದೆ, ಅನಿಲವಿರುವ ಭಾಗ ತಣ್ಣಗಿರುವುದರಿಂದ ಹೊತ್ತಾಗಿ ಒಣಗುತ್ತದೆ. ತೇವದ ಗೆರೆ ಒಂದು ಗೇಣಿಗಿಂತ ಕೆಳಗಿದ್ದರೆ ಇವತ್ತೇ ಬುಕ್ ಮಾಡು.