ಮೈಕು ತಟ್ಟು ಮಾರಾಯ

ಗೆಳೆಯಾ,

ಹೊಸ ಹ್ಯಾಮ್ (ಹವ್ಯಾಸಿ) ರೇಡಿಯೋ ಸೆಟ್ಟಿಗೆ ಬೈಯೋಣ ಅಂದರೆ ಒಂದು ನೆವವೂ ಸಿಗುತ್ತಿಲ್ಲ ಕಣೋ. ಸ್ವಿಚ್ ಒತ್ತಿದರೆ ತಕ್ಷಣ ತಯಾರು. ಬೆಳಗ್ಗೆ ಇಟ್ಟ ಫ್ರೀಕ್ವೆನ್ಸಿ ರಾತ್ರಿಯೂ ಅಲ್ಲೇ ಇರುತ್ತದೆ, ಕೂದಲೆಳೆಯಷ್ಟೂ ಕದಲಿರುವುದಿಲ್ಲ. ಗುಂಯ್ ಅನ್ನುವುದಿಲ್ಲ, ನಾರುವುದಿಲ್ಲ, ಶಾಕ್ ಹೊಡೆಯುವುದಿಲ್ಲ. ಇಷ್ಟು ಸಭ್ಯಸ್ಥ ಯಂತ್ರದ ಜೊತೆ ಏಗುವುದು ಹೇಗೆ ಹೇಳು.

ಇದನ್ನು ಓದುತ್ತಿರುವ ಬೇರೆಯವರಿಗಾಗಿ ಸ್ವಲ್ಪ ಪುರಾಣ ಹೇಳಬೇಕು. ನೀನು ಬೇಕಾದರೆ ಈ ಭಾಗ ಬಿಟ್ಟು ಮುಂದೆ ಹೋಗು. ಹೋಗಲ್ಲ ಅಂತ ಗೊತ್ತು, ತಪ್ಪು ಹುಡುಕೋಕಾದರೂ ಓದ್ತೀಯ.

ಬಲ್ಬಿನಂಥ ಗಾಜಿನ ವಾಲ್ವುಗಳಿರುವ ಹಳೇ ಸೆಟ್ಟು ಆನ್ ಮಾಡಿದರೆ ಮೊದಲು ಫಿಲಮೆಂಟು ಕೆಂಪಗಾಗಬೇಕು. ಆಮೇಲೆ ಧೂಳು ಕಾದ ವಾಸನೆ, ಆಮೇಲೆ ಗುಂಯ್‌ಗುಡುವಿಕೆ, ಕೊನೆಗೆ ಧ್ವನಿ. ಅಲ್ಲಿಗೂ ಮುಗಿಯಲಿಲ್ಲ. ಒಳಗೆಲ್ಲ ಬಿಸಿಯೇರಿದಂತೆ ಕಾಯಿಲ್ಲು, ಕೆಪಾಸಿಟರುಗಳು ಹಿಗ್ಗಿ ಮೊದಲ ಅರ್ಧ ಗಂಟೆ ಫ್ರೀಕ್ವೆನ್ಸಿ ನಿಂತಲ್ಲಿ ನಿಲ್ಲುತ್ತಿರಲಿಲ್ಲ. ಮಾತಾಡುತ್ತ ಮಾತಾಡುತ್ತ ನೀನು ಜಾರುತ್ತಿದ್ದೆ, ನಾನು ಡಯಲ್ ತಿರುಗಿಸುತ್ತ ನಿನ್ನ ಹಿಂದೆ. ನನ್ನದೂ ಜಾರುತ್ತಿತ್ತಲ್ಲ, ನೀನು ನನ್ನ ಹಿಂದೆ. ಹೀಗೆ ಒಬ್ಬರನ್ನೊಬ್ಬರು ಅಟ್ಟಿಸಿಕೊಂಡು ಹೋಗಿ ಪಕ್ಕದ ಫ್ರೀಕ್ವೆನ್ಸಿಯವರ ಹತ್ತಿರ ಬೈಸಿಕೊಂಡದ್ದು ನೆನಪಿದೆ ತಾನೆ?

ಎಸಿ ಕರೆಂಟನ್ನು ಡಿಸಿ ಮಾಡುವ, 866 ಎಂಬ ಪಾದರಸದ ರೆಕ್ಟಿಫೈಯರ್ ವಾಲ್ವು ಇನ್ನೂ ಗತ್ತಿನದು. ಅದು ಕಾಯುವ ಮೊದಲೇ ಹೈವೋಲ್ಟೇಜ್ ಕೊಟ್ಟರೆ ಅದರ ಕಥೆ ಮುಗಿದಂತೆ. ತಾಳ್ಮೆಯಿಂದ ಕಾದವನಿಗೆ ಮಾತ್ರ ನೀಲಿ ಬೆಳಕು. ಮೋರ್ಸ್ ಕೀ ಒತ್ತಿದಾಗೊಮ್ಮೆ ಆ ನೀಲಿ ಮಿನುಗುವುದನ್ನು ನೋಡಲೆಂದೇ ನಾನು ದೀಪ ಆರಿಸಿ ಕೂರುತ್ತಿದ್ದೆ. ಮನೆಯವರು ಕರೆಂಟ್ ಉಳಿಸುತ್ತಿದ್ದಾನೆ ಅಂದುಕೊಂಡಿದ್ದರು.

ಎರಡನೇ ಮಹಾಯುದ್ಧಕಾಲದ ಬಿ.ಸಿ.-611 (BC-611) ಅನ್ನೋ ಕೈಸೆಟ್ಟು ನೋಡಿದವರಿಗೆ ಗೊತ್ತು, ಅದಕ್ಕೆ ಬೇರೆ ಸ್ವಿಚ್ಚೇ ಇಲ್ಲ. ಆಂಟೆನಾ ಹೊರಗೆಳೆದರೆ ಆನ್, ಒಳಗೆ ತಳ್ಳಿದರೆ ಆಫ್. ಚಾನೆಲ್ ಬದಲಿಸಬೇಕೆಂದರೆ ಸೆಟ್ಟು ಬಿಚ್ಚಿ, ಫ್ರೀಕ್ವೆನ್ಸಿ ನಿರ್ಧರಿಸುವ ಕ್ರಿಸ್ಟಲ್, ಕಾಯಿಲ್ ಎರಡನ್ನೂ ಬದಲಿಸಬೇಕು. ಕ್ರಿಸ್ಟಲ್ ವಿಚಾರ ಬಂದಾಗ ಪೆನ್ಸಿಲ್ ನೆನಪಾಗುತ್ತದೆ. ಸ್ಫಟಿಕದ ಬಿಲ್ಲೆಯನ್ನು ಉಜ್ಜಿ ಸವೆಸಿದರೆ ಫ್ರೀಕ್ವೆನ್ಸಿ ಏರುತ್ತದೆ. ಜಾಸ್ತಿ ಉಜ್ಜಿಬಿಟ್ಟರೆ ಮೆತ್ತನೆಯ ಪೆನ್ಸಿಲ್ಲಿನಿಂದ ಅದರ ಮೇಲೊಂದು ಗೀಟು ಹಾಕಬೇಕು. ಗ್ರಾಫೈಟ್ ಪುಡಿಯ ಭಾರಕ್ಕೆ ಫ್ರೀಕ್ವೆನ್ಸಿ ಒಂಚೂರು ಇಳಿಯುತ್ತದೆ. ಈಗ ಇದನ್ನು ಹೇಳಿದರೆ ಹುಡುಗರು ನನ್ನ ಮುಖ ನೋಡುತ್ತಾರೆ.

ಎಲ್ಲವೂ ಮುದ್ದಾಗಿತ್ತು ಅಂತ ನಾನು ಹೇಳಲ್ಲ. ಸೆಲೆನಿಯಂ ರೆಕ್ಟಿಫೈಯರ್ ಸುಟ್ಟ ನಾತವನ್ನು ಹಾಡಿ ಹೊಗಳುವವರು ಅದನ್ನು ಮೂಸಿಲ್ಲ, ಅಷ್ಟೇ.

ಇನ್ನು ನಿನ್ನ ಡೈನಮೋಟರ್. ಬ್ಯಾಟರಿಯ ಕರೆಂಟಿನಲ್ಲಿ ತಿರುಗಿ ಹೈವೋಲ್ಟೇಜ್ ಹುಟ್ಟಿಸುವ ಆ ಪುಟ್ಟ ರಾಕ್ಷಸ, ಗುಂಡಿ ಒತ್ತಿದ ಮೇಲೆ ವೇಗ ಹಿಡಿಯಲು ಒಂದು ಗಳಿಗೆ ತಗೊಳ್ಳುತ್ತಿತ್ತು. ನಿನಗೆ ಕಾಯುವ ವ್ಯವಧಾನವಿಲ್ಲ. ಹಾಗಾಗಿ ನನ್ನ ಹೆಸರಿನ ಮೊದಲಕ್ಷರ ಪ್ರತಿಸಲ ಅದರ ಹೊಟ್ಟೆಗೆ. ಉಳಿದದ್ದೇ ನನ್ನ ಅಡ್ಡಹೆಸರಾಯಿತು. ಅದನ್ನಿಲ್ಲಿ ಬರೆಯುವುದಿಲ್ಲ, ನೀನೂ ಕೆಳಗೆ ಬರೆಯಬೇಡ.

ಮೊನ್ನೆ ಹೊಸ ಸೆಟ್ಟಿನಲ್ಲಿ ನಾವು ಮಾತಾಡಿದೆವಲ್ಲ, ಅದೇ ತಲೆಯಲ್ಲಿ ಕೊರೆಯುತ್ತಿದೆ. ಸಿಗ್ನಲ್ ಹೇಗಿದೆ ಅಂದೆ ನಾನು. ಚೆನ್ನಾಗಿದೆ ಅಂದೆ ನೀನು. ನಿನ್ನದೂ ಚೆನ್ನಾಗಿದೆ ಅಂದೆ ನಾನು. ಆಮೇಲೆ ಇಬ್ಬರಿಗೂ ಮಾತಿಲ್ಲ. ಇಷ್ಟು ವರ್ಷ ನಾವು ಗಾಳಿಯಲ್ಲಿ ಆಡಿದ್ದೆಲ್ಲ ಏನು ಅಂತ ಯೋಚಿಸಿದೆ. ಗುಂಯ್ ಅಂತಿದೆ, ಯಾವುದೋ ಕೆಪಾಸಿಟರ್ ಹೋಗಿರಬೇಕು. ಜಾರ್ತಾ ಇದೀಯ. 807 ವಾಲ್ವು ಕೆಂಪಗಾಗ್ತಿದೆ, ಟ್ಯೂನ್ ಸರಿ ಮಾಡ್ಕೋ. ಅಷ್ಟೇ! ರಿಪೇರಿಯೇ ನಮ್ಮ ಮಾತುಕತೆಯಾಗಿತ್ತು. ಸೆಟ್ಟು ಸರಿಹೋದ ಕೂಡಲೇ ನನಗೆ ನಿನ್ನ ಹತ್ತಿರ ಮಾತಾಡಲು ಬರುವುದಿಲ್ಲ ಅಂತ ಗೊತ್ತಾಯಿತು.

ಹೇಳಬೇಕು ಅಂದುಕೊಂಡಿದ್ದು ಇಷ್ಟೇ. ಆದರೆ ಆ ರಾತ್ರಿಯೂ ನೆನಪಾಗುತ್ತಿದೆ, ಬರೆದುಬಿಡುತ್ತೇನೆ. ನೀನು ಗುಂಡಿ ಒತ್ತಿದ್ದೆ, ಮಾತಾಡಲಿಲ್ಲ. ಎಎಂ ಪ್ರಸಾರದಲ್ಲಿ ಅದೊಂದು ವಿಚಿತ್ರ, ಧ್ವನಿಯನ್ನು ಹೊರುವ ಕ್ಯಾರಿಯರ್ ಅಲೆ ಬಂದ ತಕ್ಷಣ ರಿಸೀವರಿನ ಗೊರಗೊರ ಅಡಗುತ್ತದೆ, ಮೀಟರಿನ ಮುಳ್ಳು ಏಳುತ್ತದೆ. ಎದುರಿನವನು ಸುಮ್ಮನಿದ್ದರೂ ಇದ್ದಾನೆ ಅಂತ ಗೊತ್ತಾಗುತ್ತದೆ. ಮುಳ್ಳು ಎದ್ದೇ ಇತ್ತು. ಹಿಂದೆ ಸಣ್ಣಗೆ ಡೈನಮೋಟರ್ ಊಳಿಡುತ್ತಿತ್ತು. ಕೊನೆಗೆ ನಿನ್ನ ಧ್ವನಿ ಬಂತು, ಗಂಟಲಲ್ಲೇ ಅರ್ಧ ಉಳಿದಂಥ ಧ್ವನಿ. ಮನೆಯಲ್ಲಿ ಏನೋ ಆಗಿದೆ ಅಂತ ತಿಳಿಯದಷ್ಟು ದಡ್ಡನಲ್ಲ ನಾನು. ಆದರೂ ಬಾಯಿಂದ ಬಂದದ್ದು: "ಮಾಡ್ಯುಲೇಷನ್ ಕಮ್ಮಿ ಇದೆ, ಮೈಕು ತಟ್ಟು ಮಾರಾಯ."

ಕಾರ್ಬನ್ ಮೈಕಿನೊಳಗಿನ ಇದ್ದಿಲ ಕಾಳುಗಳು ತೇವಕ್ಕೆ ಅಂಟಿ ಗಟ್ಟಿಯಾಗುವುದು, ತಟ್ಟಿದರೆ ಸಡಿಲವಾಗುವುದು ಎಲ್ಲ ನಿಜ. ನೀನು ತಟ್ಟಿದೆ. ಟಕ್ ಟಕ್ ಅಂತ ಕೇಳಿಸಿತು. "ಹೂಂ, ಮೈಕೇ ಇರಬೇಕು" ಅಂದೆ ನೀನು. ಧ್ವನಿ ಹಾಗೇ ಇತ್ತು. ನಾನು "ಈಗ ಸರಿಯಾಯ್ತು" ಅಂದೆ. ಆಮೇಲೆ ಬಹಳ ಹೊತ್ತು ವೈಬ್ರೇಟರ್ ಪವರ್‌ಸಪ್ಲೈ ಬಗ್ಗೆ ಮಾತಾಡಿದೆವು, ಇಬ್ಬರಿಗೂ ಬೇಡವಾದ ವಿಷಯ. ಏನಾಗಿತ್ತು ಅಂತ ನಾನು ಇವತ್ತಿಗೂ ಕೇಳಿಲ್ಲ. ಈ ಹೊಸ ಸೆಟ್ಟಿನಲ್ಲಿ ನೀನು ಮತ್ತೆ ಹಾಗೆ ಸುಮ್ಮನಾದರೆ ಬೊಟ್ಟು ಮಾಡಲು ಒಂದು ಸಡಿಲ ವೈರ್ ಕೂಡ ಇಲ್ಲವಲ್ಲ ಅಂತ ದಿಗಿಲಾಗುತ್ತದೆ.

ಅಯ್ಯೋ, ನೂರಾರು ಜನ ಓದುವ ಜಾಗದಲ್ಲಿ ಏನೇನೋ ಬರೆದೆ. ಇದು ಅವನ ಕಥೆಯಲ್ಲ ಸ್ವಾಮಿ, ಮೈಕಿನ ಕಥೆ. ಎಲ್ಲರೂ ನಿಮ್ಮ ನಿಮ್ಮ ಕೆಪಾಸಿಟರ್ ನೋಡಿಕೊಳ್ಳಿ.

ನೀನು ಮಾತ್ರ ಆ 807 ವಾಪಸ್ ಕೊಡು. ಸಾಲ ತಗೊಂಡಿದ್ದು, ದಾನ ಅಲ್ಲ. ಭಾನುವಾರ ರಾತ್ರಿ ನಾನು ಹಳೇ ಸೆಟ್ಟೇ ಹಚ್ಚುತ್ತೇನೆ. ಜಾರಿದರೆ ಹಿಂದೆಯೇ ಬಾ.

73, ಅಂದರೆ ಹ್ಯಾಮ್ ಭಾಷೆಯಲ್ಲಿ ಶುಭಾಶಯ.

88 (ಪ್ರೀತಿ, ಮುತ್ತು) ಅಂತ ಕೇಳಿಸಿದ್ದರೆ ಅದು ಬೇರೆ ಸಿಗ್ನಲ್ಲಿನ ಕಾಟ, ಅಂದರೆ ಕ್ಯೂಆರ್‌ಎಂ.