ಖೀಮಾ ಬನ್: ನೀರು ಇಂಗಲಿ

ಮಾನ್ಯ ಸಂಪಾದಕರೇ,

ಪತ್ರಿಕೆಗಳ ಕೆಲವು ಅಡುಗೆ ಅಂಕಣಗಳಲ್ಲಿ ಖೀಮಾ (ಕೊಚ್ಚಿದ ಮಾಂಸ) ತುಂಬಿದ ಬನ್ನಿಗೆ ಎಲ್ಲವನ್ನೂ ಒಟ್ಟಿಗೇ ಬೇಯಿಸಲು ಹೇಳುತ್ತಾರೆ. ಬನ್ ನೆಂದು ಕೈಯಲ್ಲೇ ಮುರಿಯುವುದು ಅದರಿಂದಲೇ.

ನಾಲ್ವರಿಗೆ ಅರ್ಧ ಕೆ.ಜಿ. ಮಟನ್ ಖೀಮಾ ಸಾಕು. ಮೊದಲು ಖೀಮಾ ಒಂದನ್ನೇ ಹುರಿಯಿರಿ: ಅಗಲ ಬಾಣಲೆ, ದೊಡ್ಡ ಉರಿ, ಮುಚ್ಚಳ ಬೇಡ. ಮಾಂಸ ಬಿಟ್ಟ ನೀರು ಪೂರ್ತಿ ಇಂಗಿ ಚಟಪಟ ಸದ್ದು ಬಂದ ಮೇಲೆಯೇ 2 ಈರುಳ್ಳಿ, ಶುಂಠಿ-ಬೆಳ್ಳುಳ್ಳಿ ಪೇಸ್ಟ್, ಖಾರದಪುಡಿ, ಉಪ್ಪು ಹಾಕಿ ಬಾಡಿಸಿ. ಟೊಮೆಟೊ ಮೊದಲೇ ಬಿದ್ದರೆ ಮಾಂಸ ಕೆಂಪಗಾಗುವುದಿಲ್ಲ, ರುಚಿಯೂ ಸಪ್ಪೆ. ಆಮೇಲೆ 3 ಟೊಮೆಟೊ ರುಬ್ಬಿ ಸೇರಿಸಿ, ಅರ್ಧ ಲೋಟ ನೀರು ಹಾಕಿ, ಸಣ್ಣ ಉರಿಯಲ್ಲಿ 25 ನಿಮಿಷ ಬೇಯಿಸಿ. ಸೌಟು ಎಳೆದಾಗ ತಳ ಒಂದು ಕ್ಷಣ ಕಾಣಬೇಕು.

ಅಯ್ಯಂಗಾರ್ ಬೇಕರಿಯ ಸಾದಾ ಬನ್ನೇ ಇದಕ್ಕೆ ಸೈ. ಒಳಮೈಗೆ ಬೆಣ್ಣೆ ಸವರಿ ಕಾವಲಿಯಲ್ಲಿ ಕಾಯಿಸಿ, ಬಡಿಸುವಾಗಲೇ ತುಂಬಿ.

– ಓದುಗರು, ಶಿವಾಜಿನಗರ, ಬೆಂಗಳೂರು